ಮೂರೇ ಆಲ್ಬಂಗಳ ಕಪಾಟು

ಹತ್ತೊಂಬತ್ತು ವರ್ಷಗಳಲ್ಲಿ ಮೂರೇ ಸ್ಟುಡಿಯೋ ಆಲ್ಬಂ: 1995ರಲ್ಲಿ ‘ಬ್ರೌನ್ ಶುಗರ್’, 2000ದಲ್ಲಿ ‘ವೂಡೂ’, 2014ರಲ್ಲಿ ‘ಬ್ಲ್ಯಾಕ್ ಮೆಸಾಯ’. ಅಮೆರಿಕದ ಗಾಯಕ ಡಿಯಾಂಜೆಲೊ 2025ರ ಅಕ್ಟೋಬರ್ 14ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 51 ವರ್ಷ. ಒಂದಿಷ್ಟು ಬಿಡಿ ಹಾಡುಗಳು, ಕಚೇರಿಗಳ ಧ್ವನಿಮುದ್ರಣಗಳನ್ನು ಬಿಟ್ಟರೆ ಅವರ ಜೀವಮಾನದ ಕೆಲಸವೆಲ್ಲ ಈ ಮೂರರಲ್ಲೇ ಇದೆ. ಎಲ್‌ಪಿ ರೆಕಾರ್ಡು ಸಂಗ್ರಹಿಸುವವರ ಲೋಕದಲ್ಲಿ ಇದೊಂದು ಅಪರೂಪದ ಸಂಗತಿ. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರನ್ನು ಪೂರ್ತಿಯಾಗಿ ಸಂಗ್ರಹಿಸುತ್ತೇನೆಂದು ಹೊರಟವರಿಗೆ ಒಂದು ಕೋಣೆ ಸಾಲದು. ಡಿಯಾಂಜೆಲೊ ಅವರಿಗೆ ಪುಸ್ತಕದ ಕಪಾಟಿನಲ್ಲಿ ನಾಲ್ಕು ಬೆರಳಿನಷ್ಟು ಜಾಗ ಸಾಕು. ಹಾಗಿದ್ದೂ ಆ ನಾಲ್ಕು ಬೆರಳಿನ ಜಾಗವನ್ನು ಸರಿಯಾಗಿ ತುಂಬಿಸಲು ವರ್ಷಗಟ್ಟಲೆ ಹುಡುಕುವವರಿದ್ದಾರೆ.

ಮೈಕೆಲ್ ಯೂಜೀನ್ ಆರ್ಚರ್ ಎಂಬುದು ಅವರ ಹುಟ್ಟುಹೆಸರು. 1974ರಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಹುಟ್ಟಿದರು. ತಂದೆ ಪೆಂಟಕೋಸ್ಟಲ್ ಚರ್ಚಿನ ಪಾದ್ರಿ. ಪಿಯಾನೋ ಕೈಗೆ ಬಂದದ್ದು ಮಾತು ಬಲಿಯುವ ವಯಸ್ಸಿನಲ್ಲಿ, ಚರ್ಚಿನ ಹಾಡುಗಾರಿಕೆಯ ನಡುವೆ. ಹದಿಹರೆಯದಲ್ಲಿ ನ್ಯೂಯಾರ್ಕಿನ ಅಪೋಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದರು. 1994ರಲ್ಲಿ ಅನೇಕ ಕಪ್ಪು ಗಾಯಕರು ಒಟ್ಟಾಗಿ ಹಾಡಿದ ‘ಯು ವಿಲ್ ನೋ’ ಎಂಬ ಚಿತ್ರಗೀತೆಗೆ ಸಂಗೀತ ಹೊಸೆದಾಗ ಉದ್ಯಮದ ಕಣ್ಣು ಇವರ ಮೇಲೆ ಬಿತ್ತು.

ಆಗಿನ ಆರ್ ಅಂಡ್ ಬಿ ಸಂಗೀತ ಬಹುಮಟ್ಟಿಗೆ ಡ್ರಮ್ ಯಂತ್ರ, ಸಿಂಥಸೈಜರುಗಳ ಕೈಯಲ್ಲಿತ್ತು. ಮಾರ್ವಿನ್ ಗೇ, ಸ್ಟೀವಿ ವಂಡರ್, ಅಲ್ ಗ್ರೀನ್ ಅವರ ಎಪ್ಪತ್ತರ ದಶಕದ ಸೋಲ್ ಸಂಗೀತವನ್ನು ಹಿಪ್ ಹಾಪ್ ಕೇಳಿ ಬೆಳೆದ ಕಿವಿಯಿಂದ ಮತ್ತೆ ಕಟ್ಟಿದವರು ಡಿಯಾಂಜೆಲೊ, ಎರಿಕಾ ಬಡು, ಮ್ಯಾಕ್ಸ್‌ವೆಲ್ ಮುಂತಾದವರು. ಇದಕ್ಕೆ ನಿಯೋ ಸೋಲ್ ಎಂಬ ಹೆಸರು ಚಾಲ್ತಿಗೆ ತಂದದ್ದು ಡಿಯಾಂಜೆಲೊ ಅವರ ಆಗಿನ ಮ್ಯಾನೇಜರ್ ಕೆಡಾರ್ ಮ್ಯಾಸನ್‌ಬರ್ಗ್. ಅದು ಮಾರಾಟಕ್ಕೆ ಬೇಕಾಗಿದ್ದ ಹೆಸರು. ಕಲಾವಿದರಲ್ಲಿ ಹಲವರಿಗೆ ಅದು ಹಿಡಿಸಲೇ ಇಲ್ಲ. ತಾವು ಮಾಡುವುದು ಬರೀ ಕಪ್ಪು ಜನರ ಸಂಗೀತ ಎಂದೇ ಡಿಯಾಂಜೆಲೊ ಹೇಳುತ್ತಿದ್ದರು.

‘ಬ್ರೌನ್ ಶುಗರ್’ ಬಂದದ್ದು 1995ರ ಜುಲೈನಲ್ಲಿ, ಇಎಂಐ ಕಂಪನಿಯಿಂದ. ಹತ್ತು ಹಾಡು, ಸುಮಾರು 53 ನಿಮಿಷ. ವಾದ್ಯಗಳಲ್ಲಿ ಹೆಚ್ಚಿನವನ್ನು ಇಪ್ಪತ್ತೊಂದರ ಹುಡುಗ ತಾನೇ ನುಡಿಸಿದ್ದ. ಸ್ಮೋಕಿ ರಾಬಿನ್ಸನ್ ಅವರ ‘ಕ್ರೂಸಿನ್’ ಹಾಡನ್ನು ತನ್ನದೇ ನಡೆಯಲ್ಲಿ ಹಾಡಿದ್ದ. ರಫಾಯೆಲ್ ಸಾದಿಕ್ ಜೊತೆ ಬರೆದ ‘ಲೇಡಿ’ 1996ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಹತ್ತರೊಳಗೆ ಬಂತು. ಆಲ್ಬಂ ಹತ್ತು ಲಕ್ಷ ದಾಟಿ ಪ್ಲಾಟಿನಂ ಆಯಿತು.

ಆದರೆ ಆ ಲಕ್ಷಗಳಲ್ಲಿ ಎಲ್‌ಪಿಗಳ ಪಾಲು ತೀರಾ ಚಿಕ್ಕದು. ಅಮೆರಿಕದಲ್ಲಿ ಸಿ.ಡಿ. ಮಾರಾಟ ಎಲ್‌ಪಿಯನ್ನು ಹಿಂದೆ ಹಾಕಿದ್ದು 1988ರಲ್ಲಿ. ತೊಂಬತ್ತರ ದಶಕದ ನಡುಭಾಗಕ್ಕೆ ಇಡೀ ದೇಶದಲ್ಲಿ ವರ್ಷಕ್ಕೆ ಬಿಕರಿಯಾಗುತ್ತಿದ್ದ ಎಲ್‌ಪಿಗಳು ಇಪ್ಪತ್ತು ಲಕ್ಷದ ಆಸುಪಾಸಿಗೆ ಕುಸಿದಿದ್ದವು. ದೊಡ್ಡ ಕಂಪನಿಗಳು ಆಗ ರೆಕಾರ್ಡು ಒತ್ತುತ್ತಿದ್ದದ್ದು ಮುಖ್ಯವಾಗಿ ಕ್ಲಬ್ಬುಗಳ, ರೇಡಿಯೋದ ಡಿಜೆಗಳಿಗಾಗಿ. ಅದರಲ್ಲೂ ಒಂದೆರಡು ಹಾಡಿನ 12 ಇಂಚಿನ ಸಿಂಗಲ್‌ಗಳೇ ಹೆಚ್ಚು. ಹಾಗಾಗಿ ‘ಬ್ರೌನ್ ಶುಗರ್’ನ ಆ ಕಾಲದ ಎಲ್‌ಪಿ ಸಿಕ್ಕಿದರೂ ಅದು ಯಾರೋ ಡಿಜೆಯ ಪೆಟ್ಟಿಗೆಯಿಂದ ಬಂದದ್ದಾಗಿರುವ ಸಂಭವ ಹೆಚ್ಚು. ಅಂಥ ತಟ್ಟೆಯ ಕವರಿನ ಮೂಲೆ ಮುರುಟಿರುತ್ತದೆ, ಲೇಬಲ್ ಮೇಲೆ ಪೆನ್ನಿನ ಗುರುತಿರುತ್ತದೆ, ಹಾಡು ಶುರುವಾಗುವ ಜಾಗದಲ್ಲಿ ಹಿಂದೆ ಮುಂದೆ ತಿರುಗಿಸಿ ಸವೆದ ಸದ್ದಿರುತ್ತದೆ. ‘ಲೇಡಿ’ಯ 12 ಇಂಚಿನ ಸಿಂಗಲ್‌ಗಳನ್ನು ಹುಡುಕುವವರ ಆಸೆ ಬೇರೆಯದು. ಡಿಜೆ ಪ್ರೀಮಿಯರ್ ಆ ಹಾಡಿಗೆ ಬೇರೆಯೇ ಡ್ರಮ್ ಕೂರಿಸಿ ಮಾಡಿದ ರೂಪ ಆಲ್ಬಂನಲ್ಲಿ ಇಲ್ಲ. ಅದಕ್ಕಾಗಿ ಸಿಂಗಲ್ಲೇ ಬೇಕು.

‘ವೂಡೂ’ ವಿಷಯಕ್ಕೆ ಬಂದರೆ ಸ್ವಲ್ಪ ನಿಲ್ಲಬೇಕು. ಡಿಯಾಂಜೆಲೊ ಸಂಗ್ರಹದ ಹೃದಯ ಇದು. ಅದನ್ನು ಎಲ್‌ಪಿಯಲ್ಲಿ ಕೇಳಬೇಕು ಎಂಬ ಹಟಕ್ಕೂ ಇದರಲ್ಲಿ ನಿಜವಾದ ಕಾರಣವಿದೆ.

ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜಿನಲ್ಲಿ, ವೆಸ್ಟ್ 8ನೇ ಬೀದಿಯ 52ನೇ ನಂಬರಿನ ಕಟ್ಟಡದಲ್ಲಿ, ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋ ಇದೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತನಗಾಗಿ ಕಟ್ಟಿಸಿಕೊಂಡದ್ದು. 1970ರ ಆಗಸ್ಟಿನಲ್ಲಿ ಅದು ಶುರುವಾಯಿತು, ಮರುತಿಂಗಳೇ ಹೆಂಡ್ರಿಕ್ಸ್ ತೀರಿಕೊಂಡರು. ಸ್ಟೀವಿ ವಂಡರ್ 1972ರ ‘ಟಾಕಿಂಗ್ ಬುಕ್’ ಆಲ್ಬಂಗೆ ಕೆಲಸ ಮಾಡಿದ್ದೂ ಅಲ್ಲೇ. ತೊಂಬತ್ತರ ದಶಕದ ಕೊನೆಯಲ್ಲಿ ಡಿಯಾಂಜೆಲೊ, ಡ್ರಮ್ ವಾದಕ ಕ್ವೆಸ್ಟ್‌ಲವ್, ಕೀಬೋರ್ಡಿನ ಜೇಮ್ಸ್ ಪಾಯ್ಸರ್, ಬೇಸ್ ಗಿಟಾರಿನ ಪೀನೋ ಪಲಡೀನೋ, ತುತ್ತೂರಿಯ ರಾಯ್ ಹಾರ್ಗ್ರೋವ್ ಈ ಸ್ಟುಡಿಯೋದಲ್ಲಿ ಠಿಕಾಣಿ ಹೂಡಿದರು. ರಾತ್ರಿ ಮೊದಲ ಕೆಲಸ ವೀಡಿಯೋ ನೋಡುವುದು: ಪ್ರಿನ್ಸ್, ಜೇಮ್ಸ್ ಬ್ರೌನ್, ಸ್ಟೀವಿ ವಂಡರ್ ಮುಂತಾದ ಹಿರಿಯರ ಹಳೆಯ ಕಚೇರಿಗಳ ಟೇಪುಗಳು. ‘ಸ್ಟಾರ್ ವಾರ್ಸ್’ ಚಿತ್ರದ ಗುರು ಪಾತ್ರದ ನೆನಪಿನಲ್ಲಿ ಆ ಹಿರಿಯರನ್ನು ಇವರು ‘ಯೋಡಾ’ ಎಂದು ಕರೆಯುತ್ತಿದ್ದರು. ಆಮೇಲೆ ಹಳೆಯ ಹಾಡುಗಳನ್ನು ಗಂಟೆಗಟ್ಟಲೆ ನುಡಿಸುತ್ತಾ ಕೂರುವುದು. ಆ ನುಡಿಸಾಟದ ನಡುವೆ ಹೊಸದೊಂದು ಎಳೆ ಸಿಕ್ಕಿತೆಂದರೆ ಅದೇ ಹಾಡಾಗುತ್ತಿತ್ತು. ಎರಿಕಾ ಬಡು ಅವರ ‘ಮಾಮಾಸ್ ಗನ್’, ರ್ಯಾಪ್ ಗಾಯಕ ಕಾಮನ್ ಅವರ ‘ಲೈಕ್ ವಾಟರ್ ಫಾರ್ ಚಾಕೊಲೇಟ್’ ಆಲ್ಬಂಗಳೂ ಅದೇ ಕಾಲದಲ್ಲಿ, ಅದೇ ಕಟ್ಟಡದಲ್ಲಿ, ಬಹುಪಾಲು ಅದೇ ಜನರ ಕೈಯಲ್ಲಿ ರೂಪುಗೊಂಡವು. ಎರಡೂ ಬಂದದ್ದು 2000ದಲ್ಲೇ.

ಎಂಜಿನಿಯರ್ ರಸೆಲ್ ಎಲೆವಾಡೊ. ಕಂಪ್ಯೂಟರ್ ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ನೆಲೆಯೂರುತ್ತಿದ್ದ ಆ ದಿನಗಳಲ್ಲಿ ಅವರು ಎರಡು ಇಂಚು ಅಗಲದ ಮ್ಯಾಗ್ನೆಟಿಕ್ ಟೇಪು, ಹಳೆಯ ಮೈಕು, ಹಳೆಯ ಉಪಕರಣಗಳನ್ನೇ ನೆಚ್ಚಿಕೊಂಡರು. ಟೇಪಿನ ಮೇಲೆ ಸದ್ದು ತುಸು ಜೋರಾಗಿ ಬಿದ್ದರೆ ಅದರ ಚೂಪು ತುದಿಗಳು ದುಂಡಗಾಗುತ್ತವೆ. ಡ್ರಮ್ಮಿನ ಪೆಟ್ಟು ಚುಚ್ಚುವುದಿಲ್ಲ, ಬೇಸ್ ಹಬ್ಬಿಕೊಳ್ಳುತ್ತದೆ. ‘ವೂಡೂ’ ಉದ್ದಕ್ಕೂ ಕೇಳುವ ಆ ದಟ್ಟ ನಾದದಲ್ಲಿ ಟೇಪಿನ ಪಾಲು ದೊಡ್ಡದು.

ಇನ್ನು ಲಯ. ಹಿಪ್ ಹಾಪ್ ನಿರ್ಮಾಪಕ ಜೆ ಡಿಲ್ಲಾ ಯಂತ್ರದ ಮೇಲೆ ಡ್ರಮ್ ಕೂರಿಸುವಾಗ ಬೇಕೆಂದೇ ಪೆಟ್ಟುಗಳನ್ನು ಸ್ವಲ್ಪ ಆಚೀಚೆ ಬೀಳಿಸುತ್ತಿದ್ದರು. ಡಿಯಾಂಜೆಲೊ ಅದನ್ನು ಜೀವಂತ ವಾದ್ಯಗಳಿಗೆ ತರಬಯಸಿದರು. ಕರಾರುವಾಕ್ಕಾಗಿ ನುಡಿಸುವುದಕ್ಕೇ ಹೆಸರಾಗಿದ್ದ ಕ್ವೆಸ್ಟ್‌ಲವ್‌ಗೆ ಈಗ ಕುಡಿದವನ ಹಾಗೆ ತಡವರಿಸಿ ನುಡಿಸು ಎಂಬ ಪಾಠ. ಡ್ರಮ್ ಒಂದು ಕಡೆ, ಬೇಸ್ ಅದಕ್ಕಿಂತ ಹಿಂದೆ, ದನಿ ಇನ್ನೂ ಹಿಂದೆ. ಕರ್ನಾಟಕ ಸಂಗೀತ ಕೇಳುವವರಿಗೆ ಅನಾಗತ ಎಡುಪು ಹೊಸದಲ್ಲ, ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು. ಆದರೆ ಅಲ್ಲಿ ತಡಕ್ಕೊಂದು ಲೆಕ್ಕವಿದೆ, ಬೆರಳಲ್ಲಿ ಎಣಿಸಬಹುದು. ‘ವೂಡೂ’ವಿನ ತಡ ಎಣಿಕೆಗೆ ಸಿಗುವುದಿಲ್ಲ. ಮೊದಲ ಹಾಡು ‘ಪ್ಲೇಯಾ ಪ್ಲೇಯಾ’ ಕೇಳುವಾಗ ಎಲ್ಲರೂ ಈಗ ಜಾರಿಬೀಳುತ್ತಾರೆ ಅನ್ನಿಸುತ್ತದೆ, ಏಳು ನಿಮಿಷ ಕಳೆದರೂ ಯಾರೂ ಬೀಳುವುದಿಲ್ಲ. ಇಪ್ಪತ್ತೈದು ವರ್ಷಗಳಿಂದ ಜಗತ್ತಿನ ಡ್ರಮ್ ವಾದಕರು ಇದನ್ನು ಪಾಠದಂತೆ ಕಲಿಯುತ್ತಿದ್ದಾರೆ. ‘ದ ರೂಟ್’, ‘ಸ್ಪ್ಯಾನಿಷ್ ಜಾಯಿಂಟ್’ ಹಾಡುಗಳಲ್ಲಿ ಇನ್ನೊಂದು ಅಚ್ಚರಿ ಇದೆ. ಅಲ್ಲಿ ಬೇಸ್ ಮತ್ತು ಗಿಟಾರ್ ಎರಡನ್ನೂ ಚಾರ್ಲಿ ಹಂಟರ್ ಒಬ್ಬರೇ, ಎಂಟು ತಂತಿಯ ಒಂದೇ ವಾದ್ಯದಲ್ಲಿ, ಏಕಕಾಲಕ್ಕೆ ನುಡಿಸಿದ್ದಾರೆ.

2000ದ ಜನವರಿ 25ರಂದು ವರ್ಜಿನ್ ಕಂಪನಿ ಇದನ್ನು ಹೊರತಂದಾಗ ಮೊದಲ ವಾರವೇ 3,20,000 ಪ್ರತಿಗಳು ಮಾರಾಟವಾಗಿ ಆಲ್ಬಂ ಬಿಲ್‌ಬೋರ್ಡಿನ ಒಂದನೇ ಸ್ಥಾನಕ್ಕೆ ಹೋಯಿತು. ಮರುವರ್ಷ ಎರಡು ಗ್ರ್ಯಾಮಿ ಪ್ರಶಸ್ತಿ ಬಂದವು. ಅಂಗಿಯಿಲ್ಲದ ಗಾಯಕನನ್ನಷ್ಟೇ ತೋರಿಸಿದ ‘ಅನ್‌ಟೈಟಲ್ಡ್’ ಹಾಡಿನ ವೀಡಿಯೋ ಮಾತ್ರ ಶಾಪವಾಯಿತು. ಕಚೇರಿಗಳಲ್ಲಿ ಜನ ಹಾಡು ಕೇಳುವ ಬದಲು ಬಟ್ಟೆ ಬಿಚ್ಚು ಎಂದು ಕೂಗತೊಡಗಿದರು. ಆ ಕಚೇರಿಗಳ ಪ್ರವಾಸ ಮುಗಿದ ಮೇಲೆ ಡಿಯಾಂಜೆಲೊ ಕಣ್ಮರೆಯಾದರು. ಮುಂದಿನ ಆಲ್ಬಂಗೆ ಜಗತ್ತು ಹದಿನಾಲ್ಕು ವರ್ಷ ಕಾದಿತು.

‘ವೂಡೂ’ ಸುಮಾರು 79 ನಿಮಿಷದ್ದು. ಒಂದು ಸಿ.ಡಿ.ಯಲ್ಲಿ ಕಂಠಮಟ್ಟ ತುಂಬುವ ಉದ್ದ. ಎಲ್‌ಪಿಯಲ್ಲಾದರೆ ಎರಡು ತಟ್ಟೆ, ನಾಲ್ಕು ಸೈಡು, ಸೈಡಿಗೆ ಸರಾಸರಿ 20 ನಿಮಿಷ. ಈ ಲೆಕ್ಕ ಏಕೆ ಮುಖ್ಯ ಎಂಬುದು ತಟ್ಟೆಯ ಮೈಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ದೂರದಿಂದ ನೂರಾರು ವೃತ್ತಗಳಂತೆ ಕಾಣುವುದು ನಿಜಕ್ಕೂ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತುವ ಒಂದೇ ಒಂದು ಗೆರೆ. ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುವ ತಟ್ಟೆಯಲ್ಲಿ 20 ನಿಮಿಷದ ಸೈಡು ಎಂದರೆ ಹೆಚ್ಚುಕಮ್ಮಿ 670 ಸುತ್ತು. ಆ ಗೆರೆಯನ್ನು ಬಿಚ್ಚಿ ನೇರ ಮಾಡಿದರೆ 430 ಮೀಟರಿನಷ್ಟು ಉದ್ದ. ಮುಳ್ಳು ಹೊರ ಅಂಚಿನಲ್ಲಿದ್ದಾಗ ಅದರಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹರಿಯುತ್ತದೆ. ಲೇಬಲಿನ ಹತ್ತಿರ ಬರುವಷ್ಟರಲ್ಲಿ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಕಡಿಮೆ ಜಾಗದಲ್ಲಿ ಅಷ್ಟೇ ಸಂಗೀತವನ್ನು ಕೊರೆಯಬೇಕಾದ್ದರಿಂದ ಒಳಗಿನ ಹಾಡುಗಳಲ್ಲಿ ಸಿಂಬಲ್ಲಿನ ಝಣಕಾರ, ‘ಸ’ಕಾರ ಮಸುಕಾಗುವ ಅಪಾಯವಿದೆ.

ಬೇಸಿನ ಸಮಸ್ಯೆ ಬೇರೆ. ತಗ್ಗಿನ ಸ್ವರಗಳಿಗೆ ಗೆರೆ ಅಗಲವಾಗಿ ತೂಗಾಡಬೇಕು. ಹಾಗೆ ತೂಗಾಡಲು ಬಿಟ್ಟರೆ ಪಕ್ಕದ ಸುತ್ತಿಗೆ ತಾಗುತ್ತದೆ. ಅದಕ್ಕೇ ಕೊರೆಯುವಾಗ ಬೇಸನ್ನು ತಗ್ಗಿಸಿ, ಮೇಲಿನ ಸ್ವರಗಳನ್ನು ಏರಿಸುತ್ತಾರೆ. ನುಡಿಸುವಾಗ ಫೋನೋ ಪ್ರಿಆಂಪ್ ಎಂಬ ಉಪಕರಣ ಅದನ್ನು ತಿರುಗಾಮುರುಗಾ ಮಾಡಿ ಮೊದಲಿನ ಸ್ಥಿತಿಗೆ ತರುತ್ತದೆ. 1950ರ ದಶಕದಿಂದ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆ ಇದು. ಇಷ್ಟಾದರೂ ಪಲಡೀನೋ ನುಡಿಸುವಂಥ ಬೇಸಿಗೆ ಜಾಗ ಬೇಕೇ ಬೇಕು. ಸೈಡು ಉದ್ದವಾದಷ್ಟೂ ಗೆರೆಗಳು ಒತ್ತೊತ್ತಾಗಿ ಸದ್ದಿನ ಮಟ್ಟ ಇಳಿಯುತ್ತದೆ. ಹೀಗಾಗಿ ಇಂಥ ಸಂಗೀತವನ್ನು ಎರಡು ತಟ್ಟೆಗೆ ಹರಡುವುದು ದುಡ್ಡು ಕೀಳುವ ಉಪಾಯವಲ್ಲ, ಕಸುಬಿನ ಅಗತ್ಯ.

ತಟ್ಟೆ ತಯಾರಾಗುವ ಬಗೆಯೂ ಸಂಗ್ರಹಕಾರರಿಗೆ ಗೊತ್ತಿರಬೇಕು. ಅಲ್ಯೂಮಿನಿಯಂ ಬಿಲ್ಲೆಗೆ ಮೆರುಗೆಣ್ಣೆಯಂಥ ಲ್ಯಾಕರ್ ಲೇಪಿಸಿ, ಲೇತ್ ಯಂತ್ರದ ಮೇಲೆ ಬಿಸಿಯಾದ ಚಾಣದ ಮೊನೆಯಿಂದ ಸಂಗೀತವನ್ನು ಕೊರೆಯುತ್ತಾರೆ. ಅದರ ಮೇಲೆ ತೆಳುವಾಗಿ ಬೆಳ್ಳಿ ಎರಚಿ, ನಿಕ್ಕಲ್ ದ್ರಾವಣದಲ್ಲಿ ಮುಳುಗಿಸಿ ಲೋಹದ ಪಡಿಯಚ್ಚು ತೆಗೆಯುತ್ತಾರೆ. ಆ ಅಚ್ಚಿನಿಂದ ಇನ್ನೊಂದು, ಅದರಿಂದ ಮತ್ತೊಂದು ತೆಗೆದು, ಕೊನೆಗೆ ಸಿಗುವ ಸ್ಟ್ಯಾಂಪರುಗಳ ನಡುವೆ ಬಿಸಿ ಪಿವಿಸಿ ಉಂಡೆಯನ್ನಿಟ್ಟು ಒತ್ತುತ್ತಾರೆ. ಒಂದು ಸ್ಟ್ಯಾಂಪರ್ ಸಾವಿರದ ಆಸುಪಾಸು ತಟ್ಟೆ ಒತ್ತುವಷ್ಟರಲ್ಲಿ ಸವೆಯತೊಡಗುತ್ತದೆ. ಈ ಸರಣಿ ಎಷ್ಟು ಸೂಕ್ಷ್ಮವೆಂಬುದು 2020ರ ಫೆಬ್ರುವರಿಯಲ್ಲಿ ಎಲ್ಲರಿಗೂ ತಿಳಿಯಿತು. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಸುಟ್ಟುಹೋಯಿತು. ಜಗತ್ತಿಗೆಲ್ಲ ಲ್ಯಾಕರ್ ಬಿಲ್ಲೆ ಒದಗಿಸುತ್ತಿದ್ದದ್ದು ಎರಡೇ ಕಾರ್ಖಾನೆ, ಉಳಿದದ್ದು ಜಪಾನಿನ ಒಂದು. ಅದೇ ಹೊತ್ತಿಗೆ ಬೇಡಿಕೆ ಏರುತ್ತಲೇ ಇತ್ತು. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ಎಲ್‌ಪಿ ಮಾರಾಟವಾದರೆ ಸಿ.ಡಿ.ಗಳು 3.3 ಕೋಟಿ. ಸಂಖ್ಯೆಯಲ್ಲಿ ಎಲ್‌ಪಿ ಸಿ.ಡಿ.ಯನ್ನು ಮೀರಿದ್ದು 1987ರ ನಂತರ ಅದೇ ಮೊದಲು.

ಬೇಡಿಕೆ ಬಂದಲ್ಲಿ ಮರುಅಚ್ಚುಗಳೂ ಬರುತ್ತವೆ. ‘ವೂಡೂ’ವನ್ನು ಸಿಯಾಟಲ್‌ನ ಲೈಟ್ ಇನ್ ದಿ ಆಟಿಕ್ ಸಂಸ್ಥೆ 2012ರಲ್ಲಿ ಮತ್ತೆ ಎಲ್‌ಪಿಯಾಗಿ ತಂದಿತು. ಅಲ್ಲಿಯವರೆಗೆ 2000ದ ಮೂಲ ಅಚ್ಚನ್ನೇ ಹುಡುಕಿ ಸುಸ್ತಾಗಿದ್ದವರಿಗೆ ಅದು ದೊಡ್ಡ ಉಪಕಾರ. ಕಲಾವಿದ ತೀರಿಕೊಂಡ ಸುದ್ದಿ ಬಂದ ಕೂಡಲೇ ಹಳೆಯ ಅಚ್ಚುಗಳ ಬೆಲೆ ಏರುವುದು ಈ ಪೇಟೆಯ ಹಳೆಯ ಚಾಳಿ. ಆ ಗದ್ದಲದಲ್ಲಿ ಕೊಳ್ಳುವವರು ಕಣ್ಣಿಡಬೇಕಾದ ಜಾಗ ಒಂದಿದೆ: ಕೊನೆಯ ಹಾಡಿಗೂ ಲೇಬಲಿಗೂ ನಡುವಿನ ಖಾಲಿ ಪಟ್ಟಿ. ದೀಪಕ್ಕೆ ಓರೆಯಾಗಿ ಹಿಡಿದರೆ ಅಲ್ಲಿ ಕೊರೆದ ಅಂಕಿ ಅಕ್ಷರಗಳು ಕಾಣುತ್ತವೆ. ಅದು ಮ್ಯಾಟ್ರಿಕ್ಸ್ ಸಂಖ್ಯೆ. ಎಷ್ಟೋ ತಟ್ಟೆಗಳಲ್ಲಿ ಕೊರೆದ ಎಂಜಿನಿಯರನ ಮೊದಲಕ್ಷರ, ಕೊರೆದ ಸಂಸ್ಥೆಯ ಹೆಸರೂ ಇರುತ್ತದೆ. ನ್ಯೂಯಾರ್ಕಿನಲ್ಲಿದ್ದ ಸ್ಟರ್ಲಿಂಗ್ ಸೌಂಡ್ ಸಂಸ್ಥೆಯಲ್ಲಿ ಕೊರೆದವುಗಳ ಮೇಲೆ ‘ಸ್ಟರ್ಲಿಂಗ್’ ಎಂಬ ಮುದ್ರೆ ಇರುವುದು ಹಳೆಯ ಸಂಗ್ರಹಕಾರರಿಗೆಲ್ಲ ಪರಿಚಿತ. ಕವರಿನ ಮೇಲೆ ಏನೇ ಅಚ್ಚಾಗಿರಲಿ, ತಟ್ಟೆ ಯಾವ ಅಚ್ಚಿನದು ಎಂಬ ಸಾಕ್ಷಿ ಇರುವುದು ಈ ಪಟ್ಟಿಯಲ್ಲೇ. ಅದೇ ಚಿತ್ರ, ಅದೇ ಹೆಸರು ಹೊತ್ತ ಅನಧಿಕೃತ ನಕಲುಗಳೂ ಪೇಟೆಯಲ್ಲಿರುವುದರಿಂದ ಮಾರುವವರ ಹತ್ತಿರ ಈ ಪಟ್ಟಿಯ ಫೋಟೋ ಕೇಳಿ ಪಡೆಯುವುದು ಒಳ್ಳೆಯದು.

ತಟ್ಟೆಯ ಸ್ಥಿತಿ ಹೇಳಲು ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್ ಎಂಬ ಶ್ರೇಣಿಗಳಿವೆ. ಹೆಸರು ಕೇಳಿ ಮೋಸ ಹೋಗಬಾರದು, ‘ಗುಡ್’ ಎಂದರೆ ಇಲ್ಲಿ ಹೆಚ್ಚುಕಮ್ಮಿ ಕೆಟ್ಟದ್ದು ಎಂದೇ ಅರ್ಥ. ‘ವೂಡೂ’ವಿನಂತೆ ಮೆಲುದನಿಯ ಎಡೆಗಳು, ಉಸಿರಿನ ಸದ್ದು, ಸುಮ್ಮನೆ ಬಿಟ್ಟ ಖಾಲಿ ಜಾಗಗಳು ತುಂಬಿರುವ ಆಲ್ಬಂನಲ್ಲಿ ಸಣ್ಣ ಚಟಪಟವೂ ಕಿವಿಗೆ ಬಡಿಯುತ್ತದೆ. ಇಂಥದಕ್ಕೆ ವೆರಿ ಗುಡ್ ಪ್ಲಸ್‌ಗಿಂತ ಕೆಳಗಿನ ಹಳೆಯ ಅಚ್ಚಿಗೆ ದುಬಾರಿ ತೆರುವುದಕ್ಕಿಂತ ಒಳ್ಳೆಯ ಮರುಅಚ್ಚು ಕೊಳ್ಳುವುದೇ ಮೇಲು.

ಇನ್ನೊಂದು ಎಚ್ಚರಿಕೆಯ ಮಾತೂ ಹೇಳಬೇಕು. ಟೇಪಿನಲ್ಲಿ ಧ್ವನಿಮುದ್ರಣವಾದದ್ದು ಎಂದ ಮಾತ್ರಕ್ಕೆ ಕೈಯಲ್ಲಿರುವ ತಟ್ಟೆಯೂ ನೇರ ಟೇಪಿನಿಂದಲೇ ಬಂದಿದೆ ಎನ್ನಲಾಗದು. ನಡುವೆ ಎಲ್ಲೋ ಡಿಜಿಟಲ್ ಹಂತ ಬಂದಿರಬಹುದು. 2022ರಲ್ಲಿ ಅಮೆರಿಕದ ಪ್ರತಿಷ್ಠಿತ ಮರುಅಚ್ಚು ಸಂಸ್ಥೆ ಮೊಬೈಲ್ ಫಿಡಿಲಿಟಿ ತನ್ನ ಹಲವು ದುಬಾರಿ ತಟ್ಟೆಗಳಿಗೆ ಡಿಜಿಟಲ್ ಪ್ರತಿಯನ್ನು ಬಳಸಿದ್ದಾಗಿ ಒಪ್ಪಿಕೊಂಡಾಗ ಸಂಗ್ರಹಕಾರರ ನಡುವೆ ದೊಡ್ಡ ಗಲಾಟೆಯೇ ಎದ್ದಿತು. ಅದಕ್ಕೂ ಮೊದಲು ಅದೇ ತಟ್ಟೆಗಳನ್ನು ಅಪ್ಪಟ ಅನಲಾಗ್ ಎಂದು ಹೊಗಳಿದವರು ಕಡಿಮೆ ಇರಲಿಲ್ಲ. ಕೊರೆದವರ ಕೈಚಳಕ, ಒತ್ತಿದ ಕಾರ್ಖಾನೆಯ ಶ್ರದ್ಧೆ ಇವೇ ಕೇಳುವ ಸುಖವನ್ನು ನಿರ್ಧರಿಸುತ್ತವೆ. ಲೇಬಲಿನ ಘೋಷಣೆಗೆ ಅಷ್ಟು ಮರ್ಯಾದೆ ಬೇಡ.

‘ಬ್ಲ್ಯಾಕ್ ಮೆಸಾಯ’ ವಿಷಯದಲ್ಲಿ ಆಲ್ಬಂ ತಾನೇ ತನ್ನ ಹುಟ್ಟನ್ನು ಹೇಳಿಕೊಂಡಿದೆ. ಡಿಜಿಟಲ್ ಪ್ಲಗ್‌ಇನ್‌ಗಳನ್ನು ಬಳಸಿಲ್ಲ, ಮುದ್ರಣ, ಮಿಶ್ರಣ ಎಲ್ಲವೂ ಟೇಪಿನಲ್ಲಿ, ಬಹುಪಾಲು ಹಳೆಯ ಉಪಕರಣಗಳಲ್ಲಿ ನಡೆದಿದೆ ಎಂಬ ಒಕ್ಕಣೆ ಅದರ ಟಿಪ್ಪಣಿಯಲ್ಲಿದೆ. ಇಲ್ಲೂ ಎಲೆವಾಡೊ, ಪಲಡೀನೋ, ಕ್ವೆಸ್ಟ್‌ಲವ್ ಇದ್ದಾರೆ. ಹಾಡಿನ ಮಾತುಗಳಲ್ಲಿ ಕೆಂಡ್ರಾ ಫಾಸ್ಟರ್ ಕೈಜೋಡಿಸಿದ್ದಾರೆ. 2015ಕ್ಕೆಂದು ಇಟ್ಟುಕೊಂಡಿದ್ದ ಆಲ್ಬಂ 2014ರ ಡಿಸೆಂಬರ್ 15ರಂದೇ ಹೊರಬಂತು. ಫರ್ಗ್ಯೂಸನ್‌ನಲ್ಲಿ ಮೈಕೆಲ್ ಬ್ರೌನ್, ನ್ಯೂಯಾರ್ಕಿನಲ್ಲಿ ಎರಿಕ್ ಗಾರ್ನರ್ ಎಂಬ ಕಪ್ಪು ಜನರ ಸಾವಿನ ಪ್ರಕರಣಗಳಲ್ಲಿ ಪೊಲೀಸರ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂಬ ತೀರ್ಮಾನಗಳು ಆಗಷ್ಟೇ ಬಂದಿದ್ದವು, ದೇಶದ ಬೀದಿಗಳಲ್ಲಿ ಪ್ರತಿಭಟನೆ ನಡೆಯುತ್ತಿತ್ತು. ಮುಖಪುಟದಲ್ಲಿ ಗಾಯಕನ ಮುಖವಿಲ್ಲ. ಕಪ್ಪು ಬಿಳುಪಿನಲ್ಲಿ, ಮೇಲೆತ್ತಿದ ಕೈಗಳ ಗುಂಪು ಮಾತ್ರ ಇದೆ. ಸಿ.ಡಿ. ಗಾತ್ರದಲ್ಲಿ ಅದೊಂದು ಚಿತ್ರ, 12 ಇಂಚಿನ ಚೌಕದಲ್ಲಿ ನೋಡಿದಾಗ ಒಂದೊಂದು ಅಂಗೈಯೂ ಬೇರೆಯಾಗಿ ಕಾಣುತ್ತದೆ. ‘ವೂಡೂ’ವಿನ ಮುಖಪುಟದ ಮೇಲೆ ತನ್ನದೇ ಬರಿ ಮೈ ಇಟ್ಟು ನೊಂದ ಕಲಾವಿದ ಹದಿನಾಲ್ಕು ವರ್ಷದ ನಂತರ ಜನಸಮೂಹದ ಹಿಂದೆ ಸರಿದು ನಿಂತದ್ದು ಈ ಎರಡು ಕವರುಗಳನ್ನು ಅಕ್ಕಪಕ್ಕ ಇಟ್ಟಾಗ ತಾನಾಗಿ ತಿಳಿಯುತ್ತದೆ. ಸಂಗ್ರಹ ಎಂಬುದಕ್ಕೆ ಅರ್ಥ ಬರುವುದು ಇಂಥಲ್ಲಿ.

ಮೂರೂ ಸಿಕ್ಕ ಮೇಲೆ ಹುಡುಕಾಟ ಸುತ್ತಮುತ್ತ ಹಬ್ಬುತ್ತದೆ. 1995ರಲ್ಲಿ ಲಂಡನ್ನಿನ ಜಾಝ್ ಕೆಫೆಯಲ್ಲಿ ನಡೆದ ಕಚೇರಿಯ ಧ್ವನಿಮುದ್ರಣ, 1998ರ ‘ಡೆವಿಲ್ಸ್ ಪೈ’ ಸಿಂಗಲ್, ಮ್ಯಾಕ್ಸ್‌ವೆಲ್, ಜಿಲ್ ಸ್ಕಾಟ್, ಬಿಲಾಲ್ ಮುಂತಾದ ನಿಯೋ ಸೋಲ್ ಗಾಯಕರ ಮೊದಲ ಆಲ್ಬಂಗಳು. ರಾಯ್ ಹಾರ್ಗ್ರೋವ್ 2018ರಲ್ಲಿ, ಡಿಯಾಂಜೆಲೊ ಅವರ ಒಂದು ಕಾಲದ ಸಂಗಾತಿ, ಜೊತೆಗೂಡಿ ಹಾಡು ಬರೆದ ಆಂಜಿ ಸ್ಟೋನ್ 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರಿಬ್ಬರ ತಟ್ಟೆಗಳೂ ಈ ಕಪಾಟಿನಲ್ಲೇ ಇರಬೇಕಾದವು.

ನಮ್ಮ ಊರುಗಳಲ್ಲಿ ಇವನ್ನು ಇಟ್ಟುಕೊಳ್ಳುವವರಿಗೆ ಹವೆಯೇ ಮುಖ್ಯ ಸವಾಲು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಕವರಿಗೆ ಬೂಷ್ಟು ಹಿಡಿಯುತ್ತದೆ, ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ತಟ್ಟೆ ಸೊಟ್ಟಗಾಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು. ಒಳಗಿನ ಒರಟು ಕಾಗದದ ಚೀಲ ಬದಲಿಸಿ ನುಣುಪಾದ ಪ್ಲಾಸ್ಟಿಕ್ ಒಳಪದರದ ಚೀಲ ಹಾಕಬೇಕು. ಗೆರೆಗಳಿಗೆ ಬೆರಳು ತಾಗಿಸಬಾರದು. ಮುಳ್ಳಿನ ಭಾರವನ್ನು, ಮುಳ್ಳು ಕೂತಿರುವ ಕಾರ್ಟ್ರಿಜ್‌ನ ತಯಾರಕರು ಹೇಳಿದಷ್ಟಕ್ಕೆ, ಸಾಮಾನ್ಯವಾಗಿ ಎರಡು ಗ್ರಾಮಿನ ಆಸುಪಾಸಿಗೆ, ಸಣ್ಣ ತಕ್ಕಡಿಯಲ್ಲಿ ನೋಡಿ ಹೊಂದಿಸಬೇಕು. ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳಲ್ಲಿ ಈ ಭಾರ ಹೊಂದಿಸುವ ಅನುಕೂಲವೇ ಇರುವುದಿಲ್ಲ, ಒಳ್ಳೆಯ ತಟ್ಟೆಯನ್ನು ಅವುಗಳ ಮೇಲೆ ಇಡಬೇಡಿ. ವಿದೇಶದಿಂದ ತರಿಸುವವರು ಸಾಗಣೆ, ಸುಂಕ ಎರಡನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ. ಒಂದೊಂದನ್ನೇ ತರಿಸುವ ಬದಲು ಗೆಳೆಯರು ಸೇರಿ ಒಟ್ಟಿಗೆ ತರಿಸಿದರೆ ಹಗುರ.

ಹೊಸದಾಗಿ ಶುರು ಮಾಡುವವರು ಮೂರನ್ನೂ ಒಮ್ಮೆಗೇ ಕೊಳ್ಳಬೇಕಾಗಿಲ್ಲ. ಮೊದಲು ‘ವೂಡೂ’ವಿನ ಒಂದು ಮರುಅಚ್ಚು ತೆಗೆದುಕೊಳ್ಳಿ. ಮೂಲ ಅಚ್ಚಿನ ಆಸೆ ಆಮೇಲೆ ನೋಡೋಣ. ನಾಲ್ಕು ಸೈಡನ್ನೂ ಒಂದೇ ಪಟ್ಟಿಗೆ ಕೇಳದೆ, ಒಂದು ಸಂಜೆಗೆ ಒಂದು ಸೈಡು ಕೇಳಿ, ಬೇಸ್ ಎಲ್ಲಿ ಬೀಳುತ್ತದೆ ಎಂಬುದಷ್ಟನ್ನೇ ಗಮನಿಸಿ. ಅದು ಹಿಡಿಸಿದರೆ ‘ಬ್ಲ್ಯಾಕ್ ಮೆಸಾಯ’ ಕೊಳ್ಳಿ. ‘ಬ್ರೌನ್ ಶುಗರ್’ ಕೊನೆಗೆ ಬಂದರೂ ನಡೆಯುತ್ತದೆ.